ಬೀದರಿನಲ್ಲಿ ಎರಡು ದಿನದ ಮನೆ

ನನ್ನ ಫೋನು ನನ್ನನ್ನು ಇನ್ನೂ ದೊಡ್ಡ ಪ್ರವಾಸಿ ಎಂದೇ ತಿಳಿದಿದೆ. ಭಾಲ್ಕಿಯ ಶಾಲೆಯಲ್ಲಿ ಇಡೀ ದಿನ ಸಂಧಿ ಸಮಾಸ ಹೇಳಿ, ಗಂಟಲು ಒಣಗಿಸಿಕೊಂಡು ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಅದು ಕಿಣಿ ಎನ್ನುತ್ತದೆ. ಬೀದರಿಗೆ ಹೊರಟಿದ್ದೀರಾ, ನಿಮ್ಮ ಕುಟುಂಬಕ್ಕೆ ಒಪ್ಪುವ ಮನೆಗಳು ಇಲ್ಲಿವೆ ಎಂದು ಕೇಳುತ್ತದೆ. ಭಾಲ್ಕಿಯಿಂದ ಬೀದರಿಗೆ ಹೋಗಲು ನನಗೆ ಬೇಕಾದದ್ದು ಒಂದು ಬಸ್ಸು, ಕಿಟಕಿ ಪಕ್ಕದ ಸೀಟು ಸಿಕ್ಕರೆ ಅದೇ ವೈಭೋಗ. ಮನೆ ಹುಡುಕಿಕೊಡುವ ಆ ಆ್ಯಪನ್ನು ಅಳಿಸಿ ಹಾಕು ಎಂದು ಮಗಳು ಎಷ್ಟೋ ಸಲ ಹೇಳಿದ್ದಾಳೆ. ನಾನು ಅಳಿಸಿಲ್ಲ. ಸೋಮಾರಿತನ ಎಂದು ಅವಳು ಅಂದುಕೊಂಡಿದ್ದಾಳೆ. ಅರ್ಧ ನಿಜ.

ಹೋದ ವರ್ಷದ ದೀಪಾವಳಿ ರಜೆಗೆ ಮನೆ ಹುಡುಕುವಾಗ ಅದನ್ನು ಫೋನಿಗೆ ಹಾಕಿಸಿಕೊಂಡಿದ್ದೆ. ಅದು ಮೊದಲು ಕೇಳಿದ್ದು, ದೊಡ್ಡವರು ಎಷ್ಟು ಜನ, ಮಕ್ಕಳು ಎಷ್ಟು ಜನ ಎಂದು. ನಾನು ಬೆರಳು ಮಡಚುತ್ತ ಕುಳಿತೆ. ಲಾತೂರಿನ ಮಿಲಿಂದನ ಸಂಸಾರ, ಉದಗೀರದ ತಂಗಿಯ ಸಂಸಾರ, ಹೈದರಾಬಾದಿನ ಕಾಕಾನ ಮಕ್ಕಳು, ಔರಾದಿನ ಸೋದರಮಾವ, ನಾವು. ಕಾಲೇಜಿಗೆ ಹೋಗುವವರನ್ನು ದೊಡ್ಡವರು ಎನ್ನಬೇಕೋ ಮಕ್ಕಳು ಎನ್ನಬೇಕೋ ತಿಳಿಯಲಿಲ್ಲ. ಊಟದ ಲೆಕ್ಕದಲ್ಲಿ ದೊಡ್ಡವರು, ಕೆಲಸದ ಲೆಕ್ಕದಲ್ಲಿ ಮಕ್ಕಳು. ಕೊನೆಗೆ ನಾನು ಒತ್ತಿದ ಸಂಖ್ಯೆ ನೋಡಿ, ಇಷ್ಟು ಜನರಿಗೆ ಮನೆ ಇಲ್ಲ, ಕಲ್ಯಾಣ ಮಂಟಪ ನೋಡುವಿರಾ ಎನ್ನುವ ಅರ್ಥದಲ್ಲಿ ಅದು ಏನನ್ನೋ ತೋರಿಸಿತು. ಈಜುಕೊಳ ಬೇಕೇ, ನಾಯಿ ತರುತ್ತೀರಾ ಎಂದೂ ಕೇಳಿತು. ಮನುಷ್ಯರು ಕೇಳುವ ಒಂದು ಪ್ರಶ್ನೆಯನ್ನು ಮಾತ್ರ ಅದು ಕೇಳಲಿಲ್ಲ. ಆಗ ನನಗೆ ಅದು ಹೊಳೆದಿರಲಿಲ್ಲ.

ಈ ಪ್ರವಾಸ ನಮ್ಮ ದೊಡ್ಡವ್ವನ ಆಸೆ. ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ, ಮಿಲಿಂದನ ತಾಯಿ, ಹೆಸರು ಶಾಂತಾಬಾಯಿ. ಔರಾದ್ ತಾಲ್ಲೂಕಿನ ಠಾಣಾ ಕುಶನೂರಿನಲ್ಲಿ ಈಗಲೂ ಕಿರಿಯ ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾಳೆ. ಹೊಲದಲ್ಲಿ ತೊಗರಿ ಚೆನ್ನಾಗಿ ಬಂದರೆ ಅದು ತನ್ನಿಂದ, ಬರದಿದ್ದರೆ ಮಿಲಿಂದ ಲಾತೂರಿನ ಬ್ಯಾಂಕಿನಲ್ಲಿ ಕುಳಿತದ್ದರಿಂದ ಎಂದು ನಂಬಿದವಳು. ನಾವು ಚಿಕ್ಕವರಿದ್ದಾಗ ರಜೆಗೆ ಎಲ್ಲರೂ ಕುಶನೂರಿಗೇ ಬರುತ್ತಿದ್ದೆವು. ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಜಮಖಾನೆ ಹಾಸಿ ಯಾರು ಎಲ್ಲಿ ಮಲಗಬೇಕೆಂದು ಅವಳೇ ಗೊತ್ತು ಮಾಡುತ್ತಿದ್ದಳು. ಒದೆಯುವವರು ಗೋಡೆಯ ಕಡೆ, ಹಾಸಿಗೆ ಒದ್ದೆ ಮಾಡುವವರು ಬಾಗಿಲ ಕಡೆ. ನಾನು ನಿದ್ದೆಯಲ್ಲಿ ಮಾತಾಡುತ್ತಿದ್ದೆ ಎಂದು ನನ್ನನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡು, ಮಾತು ಶುರುವಾದರೆ ಬಾಯಿಯ ಮೇಲೆ ಅಂಗೈ ಇಡುತ್ತಿದ್ದಳು. ತೊಗರಿ, ಬೆಲ್ಲ, ಬೂದಿ ಎಲ್ಲ ಕಲಸಿದ ವಾಸನೆಯ ಅಂಗೈ. ಈಗ ನಾನು ನಿದ್ದೆಯಲ್ಲಿ ಪಾಠ ಹೇಳುತ್ತೇನಂತೆ. ನನ್ನ ಯಜಮಾನರು ಅಂಗೈ ಇಡುವುದಿಲ್ಲ, ದಿಂಬು ತೆಗೆದುಕೊಂಡು ಹೊರಗಿನ ಕೋಣೆಗೆ ಹೋಗುತ್ತಾರೆ.

ದೊಡ್ಡವ್ವ ಬೀದರನ್ನು ಎಷ್ಟೋ ಸಲ ನೋಡಿದ್ದಳು. ಆದರೆ ಎಲ್ಲ ಸಲವೂ ಆಸ್ಪತ್ರೆಗೆ. ದೊಡ್ಡಪ್ಪನ ಆಪರೇಷನ್ನು, ಮಿಲಿಂದನ ಟೈಫಾಯ್ಡು, ನನ್ನ ತಾಯಿಯ ಕೊನೆಯ ದಿನಗಳು, ತನ್ನ ಕಣ್ಣು. ಆ ಊರಿನಲ್ಲಿ ಅವಳು ರಾತ್ರಿ ಕಳೆದದ್ದೆಲ್ಲ ಆಸ್ಪತ್ರೆಯ ವರಾಂಡದಲ್ಲಿ. ಒಂದು ದಿನ ಎಲ್ಲರೂ ಕುಶನೂರಿನಲ್ಲಿ ಸೇರಿದ್ದಾಗ ರೊಟ್ಟಿ ತಟ್ಟುತ್ತ ಅವಳೇ ಅಂದಳು.

“ಒಮ್ಮಿ ಯಾರಿಗೂ ಬ್ಯಾನಿ ಇಲ್ದಾಗ ಬೀದರಕ್ಕ ಹೋಗಬೇಕವ್ವ. ಒಂದು ಮನಿ ತಗೊಂಡು ಎಲ್ಲಾರೂ ಕೂಡಿ ಎರಡು ದಿನ ಇರಬೇಕು. ಚಹಾ ನಾನೇ ಮಾಡ್ತೇನಿ. ಮುಂಜಾನಿ ಕಿಲ್ಲೇಕ ಹೋಗಬೇಕು, ಮಧ್ಯಾನ ಬಂದು ಮಲಗಬೇಕು.”

“ಲಾಡ್ಜ್ ಮಾಡೋಣೇಳು,” ಎಂದ ಮಿಲಿಂದ.

“ಲಾಡ್ಜಿನಾಗ ಚಹಾ ಮಾಡ್ಲಿಕ್ಕಿ ಬಿಡ್ತಾರೇನು? ಮನೀನೇ ಬೇಕು.”

ಬೀದರಿಗೆ ಹತ್ತಿರ ಇರುವವಳೆಂದು ಹುಡುಕುವ ಕೆಲಸ ನನ್ನ ತಲೆಗೆ ಬಂತು. ಶಾಲೆಯಲ್ಲಿ ವಾರ್ಷಿಕೋತ್ಸವ ನಡೆಸುವವಳಿಗೆ ಇದೇನು ಮಹಾ ಎಂದು ನಾನೂ ಹಿಗ್ಗಿದೆ. ಫೋನು ಕೈಬಿಟ್ಟ ಮೇಲೆ ಲಾಡ್ಜುಗಳನ್ನೇ ವಿಚಾರಿಸಿದೆ. ಒಬ್ಬ ಮ್ಯಾನೇಜರ್, “ಮದುವಿ ಪಾರ್ಟಿ ಏನ್ರಿ?” ಎಂದು ಕೇಳಿದ. ಮನೆ ಮಂದಿ ಎಂದೆ. “ಒಂದೇ ಮನಿ ಮಂದಿ ಏನ್ರಿ?” ಎಂದು ಅವನು ಸಂಶಯಪಟ್ಟ. ಇನ್ನೊಂದು ಕಡೆ ಕೋಣೆಯ ಫೋಟೋ ಕಳಿಸಿದರು. ಹಾಸಿಗೆಯ ಮೇಲೆ ಟವೆಲ್ಲನ್ನು ಹಂಸದ ಹಾಗೆ ಮಡಚಿಟ್ಟಿದ್ದರು. ದೊಡ್ಡವ್ವನಿಗೆ ತೋರಿಸಿದರೆ, “ಇದರಾಗ ಮೈ ಒರಸ್ಕೋಬೇಕೋ, ನೋಡ್ಕೋತ ಕೂಡಬೇಕೋ?” ಎಂದಳು.

ಹೀಗಿರುವಾಗ ನಮ್ಮ ಶಾಲೆಯ ಸುವರ್ಣಾ ಟೀಚರ್ ದಾರಿ ತೋರಿಸಿದರು. ಅವರೂ ನಾನೂ ದಿನಾ ಡಬ್ಬಿ ಬಿಚ್ಚಿ ಕೂಡಿ ಉಣ್ಣುವವರು. ಅವರ ಮಾವನ ಮನೆಯ ಕಡೆಯವರದ್ದು ಬೀದರಿನ ಹೊಸ ಬಡಾವಣೆಯಲ್ಲಿ ಮನೆ ಇದೆ, ಕೆಳಗಿನ ಭಾಗ ಖಾಲಿ ಇದೆ, ರಜೆಗೆ ಬಂದವರಿಗೆ ಕೊಡುತ್ತಾರೆ ಎಂದರು. ಒಂದು ಭಾನುವಾರ ಹೋಗಿ ನೋಡಿ ಬಂದೆ. ದೊಡ್ಡ ಹಾಲು, ಒಳಗೆ ಕೋಣೆಗಳು, ಅಡುಗೆಮನೆ, ಮುಂದೆ ಬೇವಿನ ಗಿಡ. ಮೆಟ್ಟಿಲೇ ಇಲ್ಲ. ಮಾಲೀಕರು ನಿವೃತ್ತ ಅಧಿಕಾರಿ. ಮೃದು ಮಾತು. ಒಳಗಿನಿಂದ ಚಹಾ ತರಿಸಿದರು, ಹೂವಿನ ಚಿತ್ತಾರದ ಕಪ್ಪಿನಲ್ಲಿ.

“ಅಡ್ಡಹೆಸರು ಏನಂದ್ರಿ?”

“ಕುಶನೂರ ರೀ. ಠಾಣಾ ಕುಶನೂರ ನಮ್ಮೂರು.”

“ಹೌದೇನ್ರಿ? ಅಲ್ಲಿ ನಮ್ಮವ್ರು ಭಾಳ ಮಂದಿ ಅದಾರ.”

“ಅದಾರ ರೀ,” ಎಂದೆ. ನಿಜವಾಗಿಯೂ ಇದ್ದಾರೆ.

“ಮನ್ಯಾಗ ಮಾಂಸ ಗೀಂಸ ಮಾಡಂಗಿಲ್ಲ ಹೌದಲ್ರಿ?”

“ಇಲ್ರಿ. ರೊಟ್ಟಿ, ಪುಂಡಿಪಲ್ಯ, ಚಹಾ. ಅಷ್ಟೇ.”

ಅವರು ಕೇಳಿದ್ದಕ್ಕೆಲ್ಲ ನಾನು ಉತ್ತರ ಕೊಟ್ಟೆ. ಅವರಿಗೆ ಸುವರ್ಣಾ ಟೀಚರ್ ಹೇಳಿ ಕಳಿಸಿದ್ದಾರೆ ಎನ್ನುವುದೇ ಸಾಕಾಗಿತ್ತು. “ನಿಮ್ಮ ಮನಿ ಅಂತ ತಿಳ್ಕೊಂಡು ಇರ್ರಿ” ಎಂದು ಗೇಟಿನವರೆಗೆ ಬಂದು ಬೀಳ್ಕೊಟ್ಟರು. ನಾನು ಬಸ್ಸಿನಲ್ಲಿ ಭಾಲ್ಕಿಗೆ ವಾಪಸು ಬರುವಾಗ ಪಕ್ಕದಲ್ಲಿ ಕುಳಿತ ಅಪರಿಚಿತ ಹೆಂಗಸಿಗೂ ಆ ಮನೆಯ ವರ್ಣನೆ ಮಾಡಿದೆ. ಬೀದರಿನಲ್ಲಿ ನಮ್ಮ ಸಂಬಂಧಿಕರಿಲ್ಲ ಎಂದಲ್ಲ. ಆದರೆ ಪ್ರವಾಸಕ್ಕೆ ಹೋದವರು ಸಂಬಂಧಿಕರ ಮನೆಯಲ್ಲಿ ಇಳಿದರೆ ಅದು ಪ್ರವಾಸ ಹೇಗಾಗುತ್ತದೆ?

ಹೊರಡುವ ದಿನ ಕುಶನೂರಿನಿಂದ ಒಂದು ಟೆಂಪೋ ಮಾಡಿದ್ದೆವು, ಓಡಿಸುವವನು ಮಿಲಿಂದನೇ. ದೊಡ್ಡವ್ವ ಬಿಳಿ ಸೀರೆ ಉಟ್ಟಿದ್ದಳು, ನೀಲಿ ಅಂಚಿನದು. ಚಹಾ ಪುಡಿ, ಸಕ್ಕರೆ, ಪಾತ್ರೆ ಎಲ್ಲ ಅವಳ ಕಾಲಬಳಿ. ಬೀದರ್ ಮುಟ್ಟಿದಾಗ ಇನ್ನೂ ಬಿಸಿಲು ಏರಿರಲಿಲ್ಲ. ಮಾಲೀಕರು ಗೇಟಿನಲ್ಲೇ ನಿಂತಿದ್ದರು. ಮಕ್ಕಳು ಇಳಿದು ಬೇವಿನ ಗಿಡದ ಕೆಳಗೆ ಓಡಿದರು, ಗಂಡಸರು ಹಾಸಿಗೆ ಸುತ್ತುಗಳನ್ನು ಇಳಿಸತೊಡಗಿದರು. ದೊಡ್ಡವ್ವ ನನ್ನ ಭುಜ ಹಿಡಿದು ನಿಧಾನ ಇಳಿದು, ಸೆರಗು ಸರಿ ಮಾಡಿಕೊಂಡು, ಮಾಲೀಕರ ಮುಂದೆ ಹೋಗಿ ಎರಡೂ ಕೈ ಜೋಡಿಸಿದಳು.

“ಜೈಭೀಮ್ ರೀ ಸಾಹೇಬರ,” ಎಂದಳು. “ಭಾಳ ಚಂದ ಅದ ನಿಮ್ಮ ಮನಿ.”

ಅವಳು ಎಲ್ಲರಿಗೂ ಹಾಗೇ ಅನ್ನುತ್ತಾಳೆ. ಬಸ್ ಕಂಡಕ್ಟರಿಗೂ, ಡಾಕ್ಟರಿಗೂ, ಫೋನಿನಲ್ಲಿ ತಪ್ಪು ನಂಬರಿನವರಿಗೂ. ಅವಳ ಬಾಯಲ್ಲಿ ನಮಸ್ಕಾರ ಎನ್ನುವುದಕ್ಕೆ ಬೇರೆ ಮಾತೇ ಇಲ್ಲ.

ಮಾಲೀಕರ ಮುಖದಲ್ಲಿ ಏನೂ ಆಗಲಿಲ್ಲ. ಅದನ್ನು ನಾನು ಈಗಲೂ ನೆನೆಯುತ್ತೇನೆ. ಅವರು ಸಿಟ್ಟಾಗಲಿಲ್ಲ, ಹುಬ್ಬು ಕೂಡ ಏರಿಸಲಿಲ್ಲ. ಜೋಡಿಸಲು ಎತ್ತಿದ ಕೈಯನ್ನು ಕೆಳಗಿಳಿಸಿ, “ಒಂದು ನಿಮಿಷ” ಎಂದು ಮೇಲಿನ ಮನೆಗೆ ಹೋದರು. ಮೇಲೆ ಹೆಂಗಸಿನ ದನಿ ಕೇಳಿಸಿತು. ಆಮೇಲೆ ಅದೂ ನಿಂತಿತು. ಅವರು ಮತ್ತೆ ಇಳಿದು ಬಂದು ನನ್ನನ್ನು ಮಾತ್ರ ಪಕ್ಕಕ್ಕೆ ಕರೆದರು.

“ಟೀಚರ್, ಒಂದು ತೊಂದರಿ ಆಗ್ಯದ. ಮೋಟರ್ ಸುಟ್ಟದ ರೀ. ಮನ್ಯಾಗ ಒಂದು ಹನಿ ನೀರಿಲ್ಲ. ಇಷ್ಟು ಮಂದಿ ನೀವು, ನೀರಿಲ್ದ ಹ್ಯಾಂಗ ಇರ್ತೀರಿ? ಬ್ಯಾರೆ ಕಡಿ ನೋಡ್ಕೊಳ್ರಿ.”

“ಯಾವಾಗ ಸುಟ್ಟಿತ್ರಿ?”

“ಈಗ ಇಷ್ಟರಾಗ.”

ಮಿಲಿಂದ ಹಾಸಿಗೆ ಸುತ್ತು ಹೊತ್ತುಕೊಂಡು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದ. ಅದನ್ನು ಕೆಳಗಿಟ್ಟ. “ತಡೀರಿ, ನೋಡ್ತೇನಿ,” ಎಂದು ಮನೆಯ ಪಕ್ಕದ ಓಣಿಗೆ ಹೋದ. ಅಲ್ಲಿ ಗೋಡೆಗೆ ಹಚ್ಚಿದ ಪೆಟ್ಟಿಗೆಯ ಹಸಿರು ಗುಂಡಿಯನ್ನು ಒತ್ತಿದ. ಅಷ್ಟೇ ಮಾಡಿದ್ದು.

ಮೋಟರ್ ಹಮ್ಮ್ ಎಂದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಮೇಲಿನ ಟಾಕಿಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ನಾವೆಲ್ಲ ಅಂಗಳದಲ್ಲಿ ನಿಂತಿದ್ದೆವು, ಮಾಲೀಕರೂ ನಿಂತಿದ್ದರು. ನನ್ನ ತಂಗಿ ಓಡುತ್ತಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ತನ್ನ ಹತ್ತಿರ ನಿಲ್ಲಿಸಿಕೊಂಡಳು. ಟಾಕಿ ಮೊದಲೇ ಮುಕ್ಕಾಲು ತುಂಬಿತ್ತೇನೋ, ಬೇಗ ತುಂಬಿತು. ನೀರು ಮಾಳಿಗೆಯ ಪೈಪಿನಿಂದ ಇಳಿದು ಬೇವಿನ ಬುಡಕ್ಕೆ ಹರಿಯತೊಡಗಿತು. ಮಿಲಿಂದ ಮಾಲೀಕರ ಮುಖವನ್ನೇ ನೋಡುತ್ತ ನಿಂತಿದ್ದ. ಅವರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಕೊನೆಗೆ ಮಾತಾಡಿದ್ದು ದೊಡ್ಡವ್ವ.

“ಟಾಕಿ ತುಂಬ್ಯದ ರೀ. ಬಂದ್ ಮಾಡ್ರಿ. ನೀರು ಹಾಳಾಗ್ಲಿಕತ್ತದ.”

ಮಾಲೀಕರು ಹೋಗಿ ಬಂದ್ ಮಾಡಿದರು. ತಿರುಗಿ ಬಂದಾಗ ಅವರ ಮಾತಿನ ಮೃದುತನ ಹಾಗೆಯೇ ಇತ್ತು. “ನನಗೇನಿಲ್ರಿ. ಮನ್ಯಾಗ ಹಿರೇರು ಅದಾರ, ಪೂಜಾ ಪುನಸ್ಕಾರ ನಡೀತದ. ತಿಳ್ಕೊಳ್ರಿ,” ಎಂದರು. ನಾನು ಕೊಟ್ಟಿದ್ದ ಮುಂಗಡವನ್ನು ಅಲ್ಲೇ ನಿಂತು ಫೋನಿನಲ್ಲೇ ವಾಪಸು ಮಾಡಿದರು. ಅವರ ಕಡೆಯಿಂದ ಯಾವ ಬಾಕಿಯೂ ಉಳಿಯಲಿಲ್ಲ.

ಸಾಮಾನು ಮತ್ತೆ ಟೆಂಪೋ ಏರಿತು. ಇಳಿಸುವಾಗ ಎಲ್ಲರೂ ಕೂಗಾಡುತ್ತಿದ್ದವರು, ಏರಿಸುವಾಗ ಪಾತ್ರೆ ಕೂಡ ಸದ್ದು ಮಾಡದ ಹಾಗೆ ಏರಿಸಿದರು. ನಾವು ಕಳ್ಳತನ ಮಾಡಿ ಹೋಗುತ್ತಿದ್ದೇವೋ ಎನ್ನುವ ಹಾಗಿತ್ತು. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಹೂವಿನ ಚಿತ್ತಾರದ ಆ ಕಪ್ಪು. ನಾನು ಬಾಯಿ ಹಚ್ಚಿದ್ದ ಕಪ್ಪನ್ನು ಈಗ ಏನು ಮಾಡುತ್ತಾರೋ, ಯಾವುದು ಎಂದು ಹೇಗೆ ಗುರುತು ಹಿಡಿಯುತ್ತಾರೋ, ಇಡೀ ಸೆಟ್ಟನ್ನೇ ಒಗೆಯುತ್ತಾರೋ. ದೊಡ್ಡ ಅವಮಾನದ ಹೊತ್ತಿನಲ್ಲಿ ನನಗೆ ಹೊಳೆಯುವುದು ಇಂಥ ಸಣ್ಣ ವಿಷಯಗಳೇ. ಭಾಷಣ ಮಾಡಲು ಕರೆದರೆ ಗಂಟೆಗಟ್ಟಲೆ ಸಮಾನತೆಯ ಮೇಲೆ ಮಾತಾಡುವವಳು, ಆ ದಿನ ಒಂದು ವಾಕ್ಯ ಕೂಡಿಸಲಿಲ್ಲ.

ಟೆಂಪೋದಿಂದಲೇ ಸುವರ್ಣಾ ಟೀಚರಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಅವರು ಅಯ್ಯೋ ಎಂದರು, ನಿಜವಾಗಿಯೂ ಬೇಸರಪಟ್ಟರು. ಆಮೇಲೆ ದನಿ ತಗ್ಗಿಸಿ ಅಂದರು.

“ಆಯಿಗಿ ಜರ ಸುಮ್ಮ ಇರು ಅಂತ ಮೊದಲೇ ಹೇಳಬೇಕಿತ್ತಲ್ರಿ ಟೀಚರ್. ಎರಡು ದಿನದ್ದೇ ಮಾತಿತ್ತು.”

ಆಗ ಗೊತ್ತಾಯಿತು, ಅವರು ನಮ್ಮನ್ನು ಮುಚ್ಚಿ ಒಳಗೆ ಕಳಿಸುವ ಲೆಕ್ಕ ಹಾಕಿದ್ದರು. ಪ್ರೀತಿಯಿಂದಲೇ ಹಾಕಿದ್ದರು. ಮಾಲೀಕರ ಮಾತಿಗಿಂತ ಈ ಮಾತು ನನಗೆ ಹೆಚ್ಚು ಚುಚ್ಚಿತು. “ಇರ್ಲಿ ಬಿಡ್ರಿ” ಎಂದು ಫೋನ್ ಇಟ್ಟೆ. ಈಗಲೂ ನಾವು ಒಂದೇ ಮೇಜಿನಲ್ಲಿ ಉಣ್ಣುತ್ತೇವೆ. ಅವರ ಡಬ್ಬಿಯ ಶೇಂಗಾ ಹಿಂಡಿ ನನಗೆ ಮೊದಲಿನಷ್ಟೇ ಇಷ್ಟ. ಆದರೆ ಎತ್ತಿಕೊಳ್ಳುವ ಮೊದಲು ಅವರು ಕೊಡಲಿ ಎಂದು ಈಗ ಕಾಯುತ್ತೇನೆ. ಅವರಿಗೆ ಅದು ಗೊತ್ತಾಗಿದೆಯೋ ಇಲ್ಲವೋ.

ಮಿಲಿಂದ ಟೆಂಪೋವನ್ನು ರಸ್ತೆ ಬದಿಗೆ ನಿಲ್ಲಿಸಿದ. “ಪೊಲೀಸ್ ಠಾಣೆಗಿ ನಡೀರಿ. ಇವನ್ನ ಬಿಡಬಾರದು,” ಎಂದ. ಅವನ ಹೆಂಡತಿ ರೇಖಾ ಮಕ್ಕಳ ಮುಖ ನೋಡಿ, ಮೊದಲು ಎಲ್ಲಾದರೂ ಇಳಿಯೋಣ, ಗುರುದ್ವಾರಕ್ಕೆ ಹೋದರೆ ಜಾಗ ಕೊಡುತ್ತಾರೆ, ಊಟವನ್ನೂ ಹಾಕುತ್ತಾರೆ, ಯಾರನ್ನೂ ಏನೂ ಕೇಳುವುದಿಲ್ಲ ಎಂದಳು. ಇಬ್ಬರೂ ದೊಡ್ಡವ್ವನ ಕಡೆ ನೋಡಿದರು.

“ಅದು ದೇವರ ಮನಿ,” ಎಂದಳು ದೊಡ್ಡವ್ವ. “ಅಲ್ಲಿ ಎಲ್ಲಾರನೂ ಇಟ್ಕೋತಾರ, ಚಲೋ ಮಂದಿ. ನಾ ಮನಷ್ಯಾರ ಮನ್ಯಾಗ ಇರ್ಲಾಕ ಬಂದಿದ್ದೆ.”

“ಮತ್ತ ಠಾಣೆ?” ಎಂದ ಮಿಲಿಂದ.

“ಅವ ಏನಂದಾನ? ಮೋಟರ್ ಸುಟ್ಟದ ಅಂದಾನ. ನೀ ಏನಂತ ಬರಸ್ತಿ?”

ಬರೆಸಬಹುದಿತ್ತು, ಈಗ ಅನ್ನಿಸುತ್ತದೆ. ಹಿರಿಯರಿದ್ದಾರೆ, ಪೂಜೆ ನಡೆಯುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೆವು. ಆದರೆ ಅವನು ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕುಳಿತುಬಿಟ್ಟ. ಬ್ಯಾಂಕಿನಲ್ಲಿ ದಿನವಿಡೀ ಜನ ಅವನ ಟೇಬಲ್ಲಿನ ಮುಂದೆ ಸಾಲಾಗಿ ನಿಲ್ಲುತ್ತಾರೆ. ಅವನ ಮಗಳು ಹಿಂದಿನಿಂದ, “ಪಪ್ಪಾ, ನಾವು ಏನು ತಪ್ಪು ಮಾಡಿದ್ವಿ?” ಎಂದು ಕೇಳಿದಳು. ಈ ಪ್ರಶ್ನೆಗೆ ನಮ್ಮ ಕಾಲದಲ್ಲಿ ನಮಗೆ ಸಿಕ್ಕಿದ್ದ ಉತ್ತರವನ್ನು ಅವಳಿಗೆ ಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಕೋಟೆ ನೋಡಿದೆವು. ಬಂದಮೇಲೆ ನೋಡದೆ ಹೇಗೆ ಹೋಗುವುದು ಎಂದು ದೊಡ್ಡವ್ವನೇ ಹಟ ಹಿಡಿದಳು. ದೊಡ್ಡ ಬಾಗಿಲುಗಳ ಕೆಳಗೆ ನಡೆದೆವು, ಹುಲ್ಲಿನ ಮೇಲೆ ಕುಳಿತು ರೊಟ್ಟಿ ತಿಂದೆವು, ಫೋಟೋ ತೆಗೆಸಿಕೊಂಡೆವು. ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ. ಗೊತ್ತಿಲ್ಲದವರು ನೋಡಿದರೆ ಎಂಥ ಸುಖದ ಸಂಸಾರ ಎನ್ನಬೇಕು. ಕತ್ತಲಾಗುವ ಮೊದಲೇ ಕುಶನೂರು ಸೇರಿದೆವು. ಓಣಿಯವರು, ಎರಡು ದಿನಕ್ಕೆ ಹೋದವರು ಇವತ್ತೇ ಬಂದಿರಲ್ಲ ಎಂದು ಕೇಳಿದರು. “ನೀರಿನ ತಕಲೀಫ್ ಇತ್ತು,” ಎಂದಳು ದೊಡ್ಡವ್ವ.

ಈ ವರ್ಷ ಮಕ್ಕಳು ಮತ್ತೆ ಹಟ ಹಿಡಿದರು. ನನಗೆ ಮನಸ್ಸಿರಲಿಲ್ಲ. ಹುಡುಕು ಎಂದವಳು ದೊಡ್ಡವ್ವನೇ. ಒಂದು ಷರತ್ತು ಹಾಕಿದಳು.

“ಈ ಸಲ ಮೊದಲೇ ಹೇಳಿಬಿಡು, ನಾವು ಬೌದ್ಧರು ಅಂತ. ಸಾಮಾನು ಇಳಿಸಿ ಮತ್ತ ಏರಿಸೋದು ಬ್ಯಾಡ.”

“ನಾ ಯಾಕ ಹೇಳ್ಲಿ ದೊಡ್ಡವ್ವ? ಬಾಡಿಗಿ ಕೊಡ್ತೀವಿ, ಇರ್ತೀವಿ. ಜಾತಿ ಹೇಳ್ಕೊಂಡು ಯಾಕ ತಿರಗ್ಲಿ?”

“ಸಣ್ಣ ಹುಡುಗೂರು ನೋಡ್ತಾವ ಅದಕ್ಕ,” ಎಂದಳು.

ಹೇಳಿದೆ. ಹೆಸರು, ಊರು, ಎಷ್ಟು ಜನ, ಅದರ ಬೆನ್ನಿಗೇ ಇದು. ಒಬ್ಬೊಬ್ಬರಿಗೆ ಹೇಳುವಾಗಲೂ ನನ್ನ ಕಿವಿ ಬಿಸಿಯಾಗುತ್ತಿತ್ತು. ಒಬ್ಬರು ಯೋಚನೆ ಮಾಡಿ ಹೇಳುತ್ತೇನೆ ಎಂದರು, ಅವರು ಇನ್ನೂ ಯೋಚಿಸುತ್ತಿದ್ದಾರೆ. ಒಬ್ಬರು ನಮಗೇನಿಲ್ಲ, ಬಾಜೂಕಿನವರು ಒಪ್ಪುವುದಿಲ್ಲ ಎಂದರು. ಇನ್ನೊಬ್ಬರ ಲೈನು ಕಟ್ಟಾಯಿತು, ಆಮೇಲೆ ಎಷ್ಟು ಮಾಡಿದರೂ ಹತ್ತಲಿಲ್ಲ. ಕೊನೆಗೆ ಬೀದರಿನ ಚಿದ್ರಿ ಕಡೆಯ ಒಬ್ಬ ಹೆಂಗಸು ನಾನು ಮಾತು ಮುಗಿಸುವ ಮೊದಲೇ ತಡೆದರು.

“ಅದೆಲ್ಲ ನನಗ್ಯಾಕ ಹೇಳ್ಲಿಕತ್ತೀರಿ? ಹಾಸಗಿ ಎಷ್ಟು ಬೇಕು ಅದು ಹೇಳ್ರಿ. ಹುಡುಗೂರು ಗ್ವಾಡಿ ಮ್ಯಾಲ ಗೀಚಬಾರದು. ಚಪ್ಪಲ್ ಹೊರಗ ಬಿಡಬೇಕು. ಗ್ಯಾಸ್ ನಿಮ್ಮದೇ ತರ್ರಿ.”

ಯಾರಾದರೂ ಹೀಗೆ ಗದರಿಸಿದರೆ ಇಷ್ಟು ಹಿತವಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಲ್ಲದಕ್ಕೂ ಹೂಂ ಹೂಂ ಎಂದೆ.

ಹೊರಡುವ ದಿನ ಕುಶನೂರಿನಲ್ಲಿ ಟೆಂಪೋ ತುಂಬಿತು. ದೊಡ್ಡವ್ವ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ದಿನಬಳಕೆಯ ಸೀರೆಯಲ್ಲೇ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊಣಕಾಲು ನೋವು ಎಂದಳು. ಮನೆಯವರೆಗೂ ಟೆಂಪೋ ಹೋಗುತ್ತದೆ ಎಂದೆ. ಎತ್ತಿಕೊಂಡು ಹೋಗುತ್ತೇನೆ ಎಂದ ಮಿಲಿಂದ. ಅವಳು ಮೊರದಿಂದ ತಲೆ ಎತ್ತಲಿಲ್ಲ.

“ನೀವು ಹೋಗಿ ಬರ್ರಿ. ನಾ ಬೀದರ ನೋಡೀನಿ.”

ನಾವು ಹೋದೆವು. ಈ ಪ್ರವಾಸವನ್ನೇ ನಿಲ್ಲಿಸಿಬಿಡೋಣ ಎಂದದ್ದಕ್ಕೆ ಅವಳು ಮಿಲಿಂದನ ಮೇಲೆ ರೇಗಿದ್ದಳು. ಚಿದ್ರಿಯ ಮನೆ ಹಳೆಯದು, ಗೋಡೆಯ ಬಣ್ಣ ಬಿಟ್ಟಿತ್ತು, ಫ್ಯಾನು ತಿರುಗುವಾಗ ಕೀರಲು ಸದ್ದು. ಹಾಲಿನಲ್ಲಿ ಎಲ್ಲರೂ ಸಾಲಾಗಿ ಮಲಗಿದೆವು. ಯಾರು ಎಲ್ಲಿ ಎಂದು ಗೊತ್ತು ಮಾಡುವವರಿಲ್ಲದೆ ಒದೆಯುವವರೆಲ್ಲ ಒಂದೇ ಕಡೆ ಸೇರಿಕೊಂಡರು. ಮನೆಯೊಡತಿ ಬೆಳಿಗ್ಗೆ ಬಂದು ಚಪ್ಪಲಿ ಹೊರಗಿವೆಯೋ ಎಂದು ನೋಡಿದರು, ಒಳಗೆ ಬಂದು ರೇಖಾಳ ಹತ್ತಿರ ಕುಳಿತು ಅವಳು ಮಾಡಿದ ಚಹಾ ಕುಡಿದರು, ಸಕ್ಕರೆ ಜಾಸ್ತಿಯಾಯಿತು ಎಂದು ಹೇಳಿ ಹೋದರು.

ಅವರು ಹೋದ ಮೇಲೆ ದೊಡ್ಡವ್ವನ ಫೋನು ಬಂತು.

“ಹ್ಯಾಂಗದಾರ ಮನಿ ಮಾಲಕರು?”

“ಚಲೋ ಅದಾರ.”

“ಏನಂದ್ರು?”

“ಏನೂ ಅಂದಿಲ್ಲ ದೊಡ್ಡವ್ವ. ನಮ್ಮ ಸಂಗಡ ಕೂತು ಚಹಾ ಕುಡದು ಹೋದ್ರು.”

ಆ ಕಡೆ ಮೊರದಲ್ಲಿ ಬೇಳೆ ಸರಿಯುವ ಸದ್ದು ಕೇಳಿಸುತ್ತಿತ್ತು. ಅದು ನಿಂತಿತು.

“ಹಂಗಾರ ನಾನೂ ಬರಬಹುದಿತ್ತು,” ಎಂದಳು.

ಟೆಂಪೋ ಈಗಲೇ ಕಳಿಸುತ್ತೇನೆ ಎಂದೆ. ಬೇಡ, ಇನ್ನೊಮ್ಮೆ ನೋಡೋಣ ಎಂದಳು. ಆ ಇನ್ನೊಮ್ಮೆಯ ಮಾತು ಎತ್ತಿದಾಗಲೆಲ್ಲ ಅವಳು ಮೊಣಕಾಲು ಮುಟ್ಟಿ ತೋರಿಸುತ್ತಾಳೆ.